ಧಾರೆ ಎರೆದ ಕೈ

ಆನವಟ್ಟಿಯ ಕಲ್ಯಾಣ ಮಂಟಪವೊಂದರ ಹಿಂಬದಿಗೆ ಕೈ ತೊಳೆಯುವ ನಲ್ಲಿಗಳ ಸಾಲೊಂದಿದೆ. ಆ ದಿನ ಬೆಳಗ್ಗೆ ತಿಂಡಿಯ ಹೊತ್ತಿಗೆ ಅಲ್ಲಿ ಇದ್ದವರು ನಾವು ಮೂರೇ ಮಂದಿ. ಒಬ್ಬಳು ನಾನು, ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡು, ಉಪ್ಪಿಟ್ಟಿನ ತಟ್ಟೆಯನ್ನು ಕಟ್ಟೆಯ ಮೇಲಿಟ್ಟು ಅವಸರದಲ್ಲಿ ತಿನ್ನುತ್ತಿದ್ದವಳು. ಇನ್ನೊಬ್ಬರು ಮದುಮಗಳ ತಂದೆ. ಹೊಸ ಪಂಚೆ, ಹೊಸ ಶಲ್ಯ, ಆಗಷ್ಟೇ ಯಾರೋ ಸುತ್ತಿಕೊಟ್ಟ ಪೇಟ. ಮೂರನೆಯವರು ಮದುಮಗಳ ತಾಯಿ. ಅವರು ಮಾತಾಡಲು ಬಂದವರಲ್ಲ. ಗಂಡ ಮಾತು ಮುಗಿಸುವ ತನಕ ಬೇರೆ ಯಾರೂ ಆ ಕಡೆ ಸುಳಿಯಬಾರದೆಂದು ಬಾಗಿಲಿಗೆ ಅಡ್ಡವಾಗಿ ನಿಂತವರು. ಒಳಗೆ ವಾಲಗದವರು ಶ್ರುತಿ ಕೂಡಿಸಿಕೊಳ್ಳುತ್ತಿದ್ದರು. ನಮ್ಮ ಯಜಮಾನರು ಮಂಟಪದ ಎದುರಿಗೆ ಕೂತು ವಿಡಿಯೋ ಕ್ಯಾಮೆರಾದ ವೈರುಗಳನ್ನು ದೊಡ್ಡ ಎಲ್‌ಇಡಿ ಪರದೆಗೆ ಜೋಡಿಸುತ್ತಿದ್ದರು.

ಮದುಮಗಳ ತಂದೆ ಮೊದಲು ಉಪ್ಪಿಟ್ಟಿನ ವಿಚಾರ ಕೇಳಿದರು. ಉಪ್ಪು ಹದವಾಗಿದೆಯಾ, ಚಟ್ನಿ ಬಂತಾ ಅಂತ. ಆಮೇಲೆ ಬಿಸಿಲಿನ ವಿಚಾರ. ನಾನೂ ಎಲ್ಲದಕ್ಕೂ ಹೂಂಗುಟ್ಟಿದೆ. ಈ ಕೆಲಸದಲ್ಲಿ ಇಷ್ಟು ವರ್ಷ ಕಳೆದ ಮೇಲೆ ನನಗೊಂದು ಗೊತ್ತಾಗಿದೆ, ಮದುವೆ ದಿನ ಹೆಣ್ಣಿನ ತಂದೆ ಫೋಟೋದವಳನ್ನು ಹುಡುಕಿಕೊಂಡು ಬಂದು ಉಪ್ಪಿಟ್ಟಿನ ಸುದ್ದಿ ಮಾತಾಡಿದರೆ ಅದರ ಹಿಂದೆ ಬೇರೆ ಏನೋ ಇರುತ್ತದೆ.

ಕೊನೆಗೆ ಹೇಳಿದರು. "ಅಕ್ಕಾರೇ, ಧಾರೆ ಹೊತ್ತಲ್ಲಿ ನನ್ನ ಕೈ ಫೋಟೋಕ್ಕೆ ಬರೋದು ಬೇಡ. ಆ ದೊಡ್ಡ ಟಿ.ವಿ.ಗೂ ಬರೋದು ಬೇಡ."

ಯಾಕೆ ಅಂತ ನಾನು ಕೇಳುವ ಮೊದಲೇ ಶಲ್ಯದ ಒಳಗಿಂದ ಬಲಗೈ ಈಚೆ ತೆಗೆದು ನನ್ನ ಮುಂದೆ ಹಿಡಿದರು. ಕುರಿಮರಿ ತಾಯ ಹಾಲು ಕುಡಿಯುವಾಗ ಬಾಲ ಆಡಿಸುತ್ತದಲ್ಲ, ಕೈ ಹಾಗೆ ಆಡುತ್ತಿತ್ತು. ಬೇಕೆಂದು ಆಡಿಸಿದ್ದಲ್ಲ, ನಿಲ್ಲಿಸೋಣ ಎಂದರೆ ನಿಲ್ಲುವುದೂ ಅಲ್ಲ. ನಾನು ನೋಡಿದ್ದು ಖಾತ್ರಿಯಾದ ಮೇಲೆ ಮತ್ತೆ ಒಳಗೆ ಹಾಕಿಕೊಂಡರು.

ಕಳೆದೆರಡು ವರ್ಷದಿಂದ ಹೀಗೆ ಅಂದರು. ಹೆಂಡತಿಗೆ ಬಿಟ್ಟರೆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಕುರಿ, ಹೊಲ, ಒಂದಿಷ್ಟು ಗದ್ದೆ, ಇದರಲ್ಲೇ ಬದುಕಿದ ಮನುಷ್ಯ, ಬಾಟಲಿ ಮುಟ್ಟಿದವರಲ್ಲ. ಆದರೆ ನಡುಗುವ ಕೈ ಕಂಡರೆ ನಮ್ಮ ಸೀಮೆಯಲ್ಲಿ ಜನ ಅಂದುಕೊಳ್ಳುವುದು ಒಂದೇ. ಬೀಗರು ಶಿಕಾರಿಪುರದ ಕಡೆಯ ಹಳ್ಳಿಯವರು, ಹೊಸ ಸಂಬಂಧ, ಇನ್ನೂ ಪರಸ್ಪರ ಅಳೆದು ನೋಡುವ ಕಾಲ. ಹೆಣ್ಣಿನಪ್ಪ ಬೆಳಗ್ಗೆ ಬೆಳಗ್ಗೆಯೇ ಹಾಕ್ಕೊಂಡು ಬಂದಿದ್ದ ಅನ್ನೋ ಮಾತೊಂದು ಹುಟ್ಟಿದರೆ ಮಗಳು ಹೋದ ಮನೆಯಲ್ಲಿ ಅದನ್ನು ಜನ್ಮಪೂರ್ತಿ ಕೇಳಬೇಕು. ಅವರ ಭಯ ಅದು. ಅದಕ್ಕೇ ಅವರು ಒಂದು ಉಪಾಯ ಮಾಡಿಟ್ಟುಕೊಂಡಿದ್ದರು: ಹೊತ್ತಿಗೆ ಸರಿಯಾಗಿ ಸೊಂಟ ಹಿಡಿದಿದೆ ಅಂತ ಹೇಳುವುದು, ಧಾರೆ ಎರೆಯಲು ತಮ್ಮನನ್ನು ಕಳಿಸುವುದು. ಅಕಸ್ಮಾತ್ ಜನ ಬಿಡದೆ ತಮ್ಮನ್ನೇ ಎಳೆದರೆ, ಆಗ ಪರದೆಯ ಮೇಲಾದರೂ ಕೈ ಕಾಣದಿರಲಿ ಎಂದು ನನ್ನ ಹತ್ತಿರ ಬಂದಿದ್ದರು.

ನಾನು ಆಗಲಿ ಅಣ್ಣಾರೇ ಅಂದೆ. ಅನ್ನದೆ ಏನು ಮಾಡಲಿ. ಆದರೆ ಅರ್ಧ ಗಂಟೆ ಮುಂಚೆ ಅವರ ಮಗಳಿಗೂ ನಾನು ಆಗಲಿ ಅಂದಿದ್ದೆ.

ಆ ಹುಡುಗಿ ಜಡೆ ಹಾಕಿಸಿಕೊಳ್ಳುತ್ತಾ ಕೂತಿದ್ದಾಗ ಮೊಬೈಲಿನಲ್ಲಿ ಯಾರದೋ ಮದುವೆಯ ರೀಲ್ ತೋರಿಸಿ, "ಅಕ್ಕ, ನಂಗೆ ಇಂಥದ್ದು ಬೇಕು" ಅಂದಿದ್ದಳು. ಧಾರೆಯ ಹೊತ್ತಿಗೆ ಬರೀ ಕೈಗಳು. ಮುಖ ಬೇಡ, ಕೈ ಸಾಕು. ಅದರಲ್ಲೂ ಅಪ್ಪನ ಕೈ. ಅವಳ ಹೆಬ್ಬೆರಳು ಚಪ್ಪಟೆ, ಉಗುರು ಅಗಲ; ಅಪ್ಪನದೂ ಅದೇ ಅಚ್ಚು. ಚಿಕ್ಕವಳಿದ್ದಾಗ ಎಲ್ಲರೂ ಅದನ್ನು ಹಿಡಿದು ನೋಡಿ ನಗುತ್ತಿದ್ದರಂತೆ. ಆ ಎರಡು ಹೆಬ್ಬೆರಳು ಒಂದೇ ಫೋಟೋದಲ್ಲಿ ಇರಬೇಕು ಎನ್ನುವುದು ಅವಳ ಆಸೆ. ಕೇಳಲು ಏನೂ ಅಲ್ಲ. ಆದರೆ ಅವಳು ಆ ಇಡೀ ಮದುವೆಯಲ್ಲಿ ನನ್ನ ಹತ್ತಿರ ಕೇಳಿದ್ದು ಅದೊಂದನ್ನೇ.

ಇಲ್ಲಿ ನನ್ನ ಕೆಲಸದ ಬಗ್ಗೆ ಎರಡು ಮಾತು ಹೇಳಬೇಕು. ಶಿಕಾರಿಪುರದಲ್ಲಿ ನಮ್ಮದೊಂದು ಸ್ಟುಡಿಯೋ. ಮೊದಲು ಯಜಮಾನರು ಒಬ್ಬರೇ ಮದುವೆಗಳಿಗೆ ಹೋಗುತ್ತಿದ್ದರು, ನಾನು ಅಂಗಡಿಯಲ್ಲಿ ಕೂತು ಆಲ್ಬಮ್ ಜೋಡಿಸುತ್ತಿದ್ದೆ. ಹೆಣ್ಣುಮಕ್ಕಳ ಕೋಣೆಯೊಳಗೆ ಅರಿಶಿನ ಹಚ್ಚುವಾಗ, ಬಳೆ ತೊಡಿಸುವಾಗ ಗಂಡಸರು ಕ್ಯಾಮೆರಾ ಹಿಡಿದು ನುಗ್ಗಿದರೆ ಅವರಿಗೂ ಇರಿಸುಮುರಿಸು, ಇವರಿಗೂ ಇರಿಸುಮುರಿಸು. ಹಾಗಾಗಿ ನಾನೂ ಹೊರಟೆ. ಈಗ ಸೊರಬದ ಕಡೆ, ಶಿಕಾರಿಪುರದ ಕಡೆ ಎಲ್ಲಿ ಹೋದರೂ ಫೋಟೋದಕ್ಕ ಅಂತಲೇ ಕರೆಯುತ್ತಾರೆ.

ಮದುವೆ ಫೋಟೋ ಅಂದರೆ ಸಾಲಾಗಿ ನಿಲ್ಲಿಸಿ ಹೊಡೆಯುವುದು ಎಂದು ನಾನೂ ತಿಳಿದಿದ್ದೆ. ಆ ತಿಳುವಳಿಕೆ ಹೋದದ್ದು ಜನ ಆಲ್ಬಮ್ ನೋಡುವುದನ್ನು ಕೂತು ನೋಡಿದ ಮೇಲೆ. ಒಂದು ಮನೆಗೆ ಆಲ್ಬಮ್ ಕೊಡಲು ಹೋಗಿ, ಚಾ ಕುಡಿಯುವ ತನಕ ಗಮನಿಸಿದರೆ ಸಾಕು. ಗಂಡು ಹೆಣ್ಣು ಕೈಯಲ್ಲಿ ಹೃದಯದ ಆಕಾರ ಮಾಡಿ ನಿಂತ ಪುಟವನ್ನು ಯಾರೂ ಎರಡನೇ ಸಲ ತಿರುಗಿಸುವುದಿಲ್ಲ. ಅವರು ಬಗ್ಗಿ ಬಗ್ಗಿ ನೋಡುವುದು ಬೇರೆ. ಅಗೋ ಆ ಬಳೆ ನನ್ನದು, ಅವತ್ತು ಇಸ್ಕೊಂಡಿದ್ಲು, ಇನ್ನೂ ಕೊಟ್ಟಿಲ್ಲ. ಅಗೋ ಚಿಕ್ಕಮ್ಮ, ಸೊಂಟಕ್ಕೆ ಎಲೆಅಡಿಕೆ ಚೀಲ ಸಿಕ್ಕಿಸಿಕೊಂಡೇ ಆರತಿ ಮಾಡ್ತಿದಾಳೆ. ಬಾಸಿಂಗದ ದಾರ ಎಳೆದು ಕಟ್ಟಿದ್ದಕ್ಕೆ ಮದುಮಗನ ಕಿವಿ ಕೆಂಪಾಗಿದ್ದು. ಮದುಮಗಳ ಬೈತಲೆಯಲ್ಲಿ ಸಿಕ್ಕಿಕೊಂಡ ಜೀರಿಗೆ. ಇಷ್ಟಿಷ್ಟೇ ಚೂರುಗಳು. ಆ ಚೂರುಗಳಲ್ಲಿ ಅವರಿಗೆ ಇಡೀ ದಿನ ಮತ್ತೆ ಸಿಗುತ್ತದೆ.

ಇದೇ ಹುಡುಗಿಯನ್ನೂ ಹುಡುಗನನ್ನೂ ಮದುವೆಗೆ ಮುಂಚೆ ಫೋಟೋಕ್ಕೆಂದು ಬಂದಳಿಕೆಗೆ ಕರೆದುಕೊಂಡು ಹೋಗಿದ್ದೆವು. ಹಳೇ ದೇವಸ್ಥಾನದ ಕಂಬಗಳ ನಡುವೆ ಅವಳಿಗೆ ನೆಲ ಗುಡಿಸುವಷ್ಟು ಉದ್ದದ ಗೌನು, ಅವನಿಗೆ ಉರಿಬಿಸಿಲಲ್ಲಿ ಕೋಟು. ಬಾಡಿಗೆಯ ನಗು ಇಬ್ಬರ ಮುಖದಲ್ಲೂ. ಅಷ್ಟರಲ್ಲಿ ಯಾರದೋ ಕುರಿ ಹಿಂಡು ಬಂತು, ಒಂದು ಮರಿ ಹಿಂದೆ ಉಳಿದು ಕಲ್ಲುಗಳ ಸಂದಿಯಲ್ಲಿ ದಾರಿ ತಪ್ಪಿ ಅರಚತೊಡಗಿತು. ಇವಳು ಗೌನನ್ನು ಮೊಣಕಾಲಿನ ತನಕ ಎತ್ತಿಕೊಂಡು ಓಡಿದಳು, ಮರಿಯನ್ನು ಬಗಲಿಗೆ ಹಾಕಿಕೊಂಡು ತಂದು ಹಿಂಡಿಗೆ ಬಿಟ್ಟಳು. ಹುಡುಗ ಬಾಯಿ ಬಿಟ್ಟುಕೊಂಡು ನೋಡುತ್ತಾ ನಿಂತಿದ್ದ. ಅವತ್ತು ತೆಗೆದ ಅಷ್ಟೂ ಫೋಟೋಗಳಲ್ಲಿ ಎರಡೂ ಮನೆಯವರು ಮೆಚ್ಚಿದ್ದು ಆ ಬಾಯಿ ಬಿಟ್ಟದ್ದನ್ನೇ.

ಇನ್ನು ಕೈಗಳ ಮಾತು. ನಮ್ಮಜ್ಜಿ ಮುಖ ಮಂದಿಗೆ, ಕೈ ಮನೆಗೆ ಅನ್ನುತ್ತಿದ್ದಳು. ಹೆಣ್ಣು ನೋಡಲು ಹೋದ ಕಡೆ ಅವಳು ಹುಡುಗಿಯ ಮುಖ ಬಿಟ್ಟು ತಟ್ಟೆ ಹಿಡಿದ ಕೈಯನ್ನೇ ನೋಡಿ ಬಂದು ತೀರ್ಪು ಕೊಡುತ್ತಿದ್ದಳು. ಆ ಬುದ್ಧಿ ನನಗೂ ಅಂಟಿದೆ. ಅದಕ್ಕೇ ಇರಬೇಕು, ಮದುಮಗಳ ತಂದೆ ಹೇಳುವ ಮುಂಚೆಯೇ ನನಗೆ ಏನೋ ಒಂದು ಕಂಡಿತ್ತು. ಬೆಳಗ್ಗೆಯಿಂದ ತೆಗೆದಿದ್ದನ್ನು ಕ್ಯಾಮೆರಾದಲ್ಲಿ ತಿರುವಿ ನೋಡುವಾಗ ಅವರು ಇದ್ದ ಕಡೆಯಲ್ಲೆಲ್ಲ ಕೈ ಮಾತ್ರ ಇರಲಿಲ್ಲ. ಬೀಗರನ್ನು ಎದುರುಗೊಳ್ಳುವಾಗ ಬೆನ್ನ ಹಿಂದೆ. ದೇವರ ಮುಂದೆ ನಿಂತಾಗ ಶಲ್ಯದ ಒಳಗೆ. ಹಂದರದ ಹತ್ತಿರ ಕಂಬವನ್ನು ತಬ್ಬಿಕೊಂಡ ಹಾಗೆ ಹಿಡಿದಿದ್ದರು. ನಾಚಿಕೆ ಸ್ವಭಾವ ಅಂದುಕೊಂಡಿದ್ದೆ.

ತಿಂಡಿ ಬಿಟ್ಟು ನೇರ ಯಜಮಾನರ ಹತ್ತಿರ ಹೋದೆ. ಧಾರೆ ಹೊತ್ತಿಗೆ ಪರದೆಗೆ ಮುಖಗಳನ್ನಷ್ಟೇ ಕೊಡಿ, ಕೈಗಳ ಹತ್ತಿರ ಹೋಗಬೇಡಿ ಎಂದೆ. ಅವರು ನನ್ನನ್ನು ಮೇಲೆ ಕೆಳಗೆ ನೋಡಿದರು. ಯಾವಾಗಲೂ ಕೈ ಕೈ ಅಂತ ನನ್ನ ತಲೆ ತಿನ್ನೋಳು ನೀನೇ, ಇವತ್ತೇನಾತು ಅಂದರು. ಆಮೇಲೆ ಹೇಳ್ತೀನಿ, ನಾ ಕೈ ಎತ್ತಿದ ಮೇಲೆ ಮಾತ್ರ ಅಲ್ಲಿಗೆ ಹೋಗಿ ಅಂತ ಹೇಳಿ ಬಂದೆ. ಮಗಳಿಗೆ ಏನು ಸಮಜಾಯಿಷಿ ಕೊಡುವುದು ಅಂತ ಮಾತ್ರ ಹೊಳೆಯಲಿಲ್ಲ. ಲೈಟ್ ಸರಿ ಬರಲಿಲ್ಲ ಅಂದರೆ ನಂಬುತ್ತಾಳೆ, ಆದರೆ ಆ ಸುಳ್ಳನ್ನು ಅವಳ ಮುಖ ನೋಡಿ ಹೇಳಬೇಕಲ್ಲ.

ಮುಹೂರ್ತ ಹತ್ತಿರ ಬಂತು. ಮಂಟಪದಲ್ಲಿ ಗಂಡು ಹೆಣ್ಣು ಎದುರುಬದುರು ನಿಂತರು. ಇಬ್ಬರ ಬೊಗಸೆಗಳನ್ನು ಒಂದರ ಮೇಲೊಂದು ಕೂಡಿಸಿ, ಮೇಲೆ ತೆಂಗಿನಕಾಯಿ ಇಟ್ಟರು; ಕೆಳಗೆ ಹಿತ್ತಾಳೆಯ ಪರಾತ. ಹೆಣ್ಣಿನ ತಂದೆ ತಾಯಿ ಗಿಂಡಿಯಿಂದ ಹಾಲೆರೆಯಬೇಕು, ಅದು ಕಾಯಿಯ ಮೇಲೆ ಬಿದ್ದು ಬೊಗಸೆಯಿಂದ ಇಳಿದು ಪರಾತ ಸೇರಬೇಕು. ಅದೇ ಧಾರೆ. ಮಂತ್ರ ಹೇಳುತ್ತಿದ್ದ ಅಯ್ಯನವರು ಮೈಕಿನಲ್ಲಿ ತಂದೆ ತಾಯಿಯನ್ನು ಕರೆದರು.

ತಾಯಿ ಬಂದರು. ತಂದೆ ಬರಲಿಲ್ಲ. ಮಂಟಪದ ಮೆಟ್ಟಿಲ ಹತ್ತಿರವೇ ಸೊಂಟಕ್ಕೆ ಕೈ ಕೊಟ್ಟು ನಿಂತು ತಮ್ಮನ ಕಿವಿಯಲ್ಲಿ ಏನೋ ಹೇಳುತ್ತಿದ್ದರು. ತಮ್ಮ ಮೊದಲು ನಕ್ಕ, ಆಮೇಲೆ ಅಣ್ಣನ ಮುಖ ನೋಡಿ ನಗು ನಿಲ್ಲಿಸಿ ಮೆಟ್ಟಿಲು ಹತ್ತಿ ಗಿಂಡಿಗೆ ಕೈ ಚಾಚಿದ.

ಅಲ್ಲಿ ಕೂತಿದ್ದಳು ಮದುಮಗಳ ಸೋದರತ್ತೆ, ಅಂದರೆ ತಂದೆಗೆ ಅಕ್ಕ. ಶಿಕಾರಿಪುರದ ಕಡೆಗೆ ಮದುವೆಯಾಗಿ ಹೋದವಳು, ಈ ಸಂಬಂಧವನ್ನೂ ಅವಳೇ ಹುಡುಕಿದ್ದು, ಹಾಗಾಗಿ ಎರಡೂ ಕಡೆಯವರಿಗೆ ಅಂಜಬೇಕಾದ್ದಿಲ್ಲ. ಅವಳು ಕೂತಲ್ಲಿಂದಲೇ ಶುರುಮಾಡಿದಳು. ನಿನ್ನೆ ಚಪ್ಪರಕ್ಕೆ ಗಳ ಹೊರುವಾಗ ಇಲ್ಲದ ಸೊಂಟನೋವು ಇವತ್ತೆಲ್ಲಿಂದ ಬಂತು, ಮಗಳನ್ನ ಕೊಡಾಕ ಮನಸಿಲ್ಲಂದ್ರ ಹೇಳಿಬಿಡು, ಬೀಗರು ಊಟ ಮಾಡಿ ಹೊಕ್ಕಾರ ಅಂತ. ಹೆಂಗಸರೆಲ್ಲ ನಕ್ಕರು. ತಂದೆಯ ಮುಖ ನೋಡಬೇಕಿತ್ತು. ನಾನು ಕ್ಯಾಮೆರಾ ಕೆಳಗಿಳಿಸಿದೆ.

ಅಷ್ಟರಲ್ಲಿ ಮದುಮಗಳು ಒಂದು ಕೆಲಸ ಮಾಡಿದಳು. ಚಿಕ್ಕಪ್ಪ ಗಿಂಡಿ ಎತ್ತಿದ ಕೂಡಲೇ ಕಾಯಿಯನ್ನು ಬೊಗಸೆ ಸಮೇತ ಎದೆಗೆ ಎಳೆದುಕೊಂಡಳು. ಹುಡುಗನ ಕೈಯೂ ಅವಳ ಕೈಯ ಜೊತೆಗೆ ಹೋಯಿತು, ಪಾಪ ಅವನೂ ಒಂದು ಹೆಜ್ಜೆ ಮುಂದೆ ಬಂದ. ಬಾಸಿಂಗದ ಮರೆಯಿಂದ ಅವಳು ಹೇಳಿದ್ದು ಇಷ್ಟೇ, ಅಪ್ಪ ಬರಲಿ.

ಅಪ್ಪ ಬಂದರು. ಮೆಟ್ಟಿಲು ಹತ್ತಿದವರು ಮಗಳ ಹತ್ತಿರ ಹೋಗಲಿಲ್ಲ, ಮಂಟಪದ ಮೂಲೆಯಲ್ಲಿ ನಿಂತಿದ್ದ ಬೀಗರ ಎದುರಿಗೆ ಹೋಗಿ ನಿಂತು, ಶಲ್ಯದಿಂದ ಕೈ ತೆಗೆದು ತೋರಿಸಿದರು. ಅಯ್ಯನವರ ಮೈಕು ಅಲ್ಲೇ ಪಕ್ಕದಲ್ಲಿತ್ತು, ಅದು ಅವರಿಗೆ ಗೊತ್ತಿರಲಿಲ್ಲ.

"ಬೀಗ್ರೇ, ನನ್ನ ಕೈ ನಡುಗ್ತದೆ. ಕುಡಿಯೋನಲ್ಲ ನಾನು. ಹಾಲು ಆಚೀಚೆ ಹೋದ್ರೆ ತಪ್ಪು ತಿಳೀಬೇಡಿ."

ಆ ಮಾತು ಊಟದ ಮನೆಯ ತನಕ ಕೇಳಿಸಿತು. ವಾಲಗದವರೂ ನಿಲ್ಲಿಸಿದರು. ಸೋದರತ್ತೆ ಬಾಯಿಗೆ ಸೆರಗು ಹಿಡಿದಳು.

ಹುಡುಗನ ತಂದೆ ದೊಡ್ಡ ದೇಹದ, ನಿಧಾನದ ಮನುಷ್ಯ. ಬೆಳಗ್ಗೆಯಿಂದ ಅವರು ನಾಲ್ಕು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅವರು ಆ ಕೈಯನ್ನು ತಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡು, ಸಂತೆಯಲ್ಲಿ ಕುರಿಯ ಕಾಲು ನೋಡುವವರ ಹಾಗೆ ತಿರುಗಿಸಿ ನೋಡಿದರು.

"ಕುಡಿಯೋ ಕೈ ಆಗಿದ್ರ ಗಿಂಡಿ ಕಂಡ ಕೂಡಲೇ ನೆಟ್ಟಗಾಕ್ಕಿತ್ತು ಬಿಡ್ರಿ ಬೀಗ್ರ. ಹೋಗ್ರಿ, ಎರೀರಿ."

ಮೊದಲು ನಕ್ಕವನು ಹುಡುಗ. ಆಮೇಲೆ ತಮ್ಮ, ಆಮೇಲೆ ಅಯ್ಯನವರು, ಆಮೇಲೆ ಇಡೀ ಮಂಟಪ. ಕೊನೆಗೆ ಹೆಣ್ಣಿನ ತಂದೆಯೂ. ನಗುತ್ತಲೇ ಹೋಗಿ ಹೆಂಡತಿಯ ಪಕ್ಕ ನಿಂತು ಗಿಂಡಿ ತೆಗೆದುಕೊಂಡರು. ಗಿಂಡಿಯ ಮೂತಿ ಕಾಯಿಯ ಮೇಲೆ ಅತ್ತ ಇತ್ತ ಆಡುತ್ತಿತ್ತು. ಎರೆಯಲೋ ಬೇಡವೋ ಎಂದು ಮಗಳ ಮುಖ ನೋಡಿದರು.

"ನೀನು ಎರಿ ಅಪ್ಪ. ನಾವು ಹಿಡೀತೀವಿ."

ಎರೆಯುವ ಮುಂಚೆ ಅವರು ತಲೆ ಎತ್ತಿ ನನ್ನ ಕಡೆ ನೋಡಿ, ತಗೊಳ್ಳಿ ಅಕ್ಕಾರೇ, ಇನ್ನೇನು ಮುಚ್ಚಿಡೋದು ಅಂದರು. ನಾನು ಕೈ ಎತ್ತಿದೆ. ಯಜಮಾನರು ಪರದೆಯ ತುಂಬ ಆ ಕೈಗಳನ್ನು ತಂದರು.

ಹಾಲು ಬಿತ್ತು. ನೆಟ್ಟಗೆ ಬೀಳಲಿಲ್ಲ. ಎಡಕ್ಕೆ ಬಂತು, ಬಲಕ್ಕೆ ಹೋಯಿತು, ನಡುವೆ ತುಂಡಾಗಿ ಹನಿಹನಿಯಾಯಿತು. ಹಾಲು ಎಡಕ್ಕೆ ಬಂದರೆ ಗಂಡು ಹೆಣ್ಣು ಕೂಡಿ ಕಾಯಿಯನ್ನು ಎಡಕ್ಕೆ ಒಯ್ದರು, ಬಲಕ್ಕೆ ಹೋದರೆ ಬಲಕ್ಕೆ. ಎರಡು ಬೊಗಸೆಗಳು ಒಂದೇ ಬೊಗಸೆಯಾಗಿ ಹಾಲಿನ ಹಿಂದೆ ಓಡಾಡಿದವು. ಒಂದು ಹನಿಯೂ ನೆಲಕ್ಕೆ ಬೀಳಲಿಲ್ಲ ಅಂತ ನಾನು ಹೇಳಿದರೆ ಸುಳ್ಳಾಗುತ್ತದೆ. ಹುಡುಗನ ಗಡಿಯಾರದ ಮೇಲೆ, ಹುಡುಗಿಯ ಹಸಿರು ಬಳೆಗಳ ಮೇಲೆ, ಅಯ್ಯನವರ ಪಂಚೆಯ ಮೇಲೆ ಎಲ್ಲ ಬಿತ್ತು. ಸೋದರತ್ತೆಗೆ ಆಗ ಮಾತು ವಾಪಸ್ಸು ಬಂತು. ನೋಡ್ರೇ, ತಾಳಿ ಕಟ್ಟಾಕಿಂತ ಮೊದ್ಲೇ ಗಂಡ ಹೆಂಡ್ತಿ ಕೂಡಿ ಓಡಾಡೋದು ಕಲ್ತ್ರು, ನಮ್ಮವ್ರು ಮೂವತ್ತು ವರ್ಷಾದ್ರೂ ಕಲೀಲಿಲ್ಲ ಅಂತ ಗಂಡನ ಕಡೆ ನೋಡಿದಳು. ಅವಳ ಗಂಡ ಕೇಳಿಸದವನಂತೆ ಕೈಯಲ್ಲಿದ್ದ ಅಕ್ಷತೆಯ ಅಕ್ಕಿಕಾಳು ಆರಿಸುತ್ತಾ ಕೂತಿದ್ದ.

ನಾನು ಬಗ್ಗಿ, ಪರಾತದ ಅಂಚಿಗೆ ಕ್ಯಾಮೆರಾ ತಂದು, ಉಸಿರು ಹಿಡಿದು ತೆಗೆದೆ. ಗಿಂಡಿಯ ಕುತ್ತಿಗೆ ಒತ್ತಿ ಹಿಡಿದ ಚಪ್ಪಟೆ ಹೆಬ್ಬೆರಳು ಮೇಲೆ, ಕಾಯಿ ಒತ್ತಿ ಹಿಡಿದ ಚಪ್ಪಟೆ ಹೆಬ್ಬೆರಳು ಕೆಳಗೆ, ನಡುವೆ ಹಾಲು. ಮದುಮಗಳಿಗೆ ಕೊಟ್ಟ ಮಾತು ಉಳಿಯಿತು. ಆಮೇಲೆ ಬಂಧುಗಳೆಲ್ಲ ಸಾಲಾಗಿ ಬಂದು ಒಬ್ಬೊಬ್ಬರೇ ಹಾಲೆರೆದರು. ನಾನು ಎಲ್ಲರ ಕೈಯನ್ನೂ ತೆಗೆದೆ. ಗಟ್ಟಿಮುಟ್ಟಾದವರ ಕೈಯೂ ಆ ಹೊತ್ತಿಗೆ ಒಂಚೂರು ಅಲುಗಿಯೇ ಇತ್ತು, ಬೇಕಿದ್ದರೆ ಯಜಮಾನರ ವಿಡಿಯೋದಲ್ಲಿ ಈಗಲೂ ತೋರಿಸುತ್ತೇನೆ.

ಯುಗಾದಿ ಕಳೆದ ಮೇಲೆ ಆಲ್ಬಮ್ಮಿಗೆ ಫೋಟೋ ಆರಿಸಲು ತಂದೆ ತಾಯಿ ಇಬ್ಬರೂ ಬಸ್ಸಿನಲ್ಲಿ ಶಿಕಾರಿಪುರಕ್ಕೆ ಬಂದರು. ಮಗಳು ಅಳಿಯ ಹೇಳಿ ಕಳಿಸಿದ್ದರಂತೆ, ಯಾವುದು ಬೇಕಾದರೂ ಹಾಕಿ, ಧಾರೆಯ ಕೈಗಳದ್ದೊಂದನ್ನು ಬಿಡಬೇಡಿ ಎಂದು. ನಾನು ಕಂಪ್ಯೂಟರಿನಲ್ಲಿ ಅದನ್ನೇ ಮೊದಲು ತೆರೆದೆ. ತಾಯಿ ಕೈ ಮುಗಿದರು. ತಂದೆ ಕುರ್ಚಿ ಎಳೆದುಕೊಂಡು ಬಹಳ ಹೊತ್ತು ನೋಡಿ, ಇದರಲ್ಲಿ ನಡುಗ್ತಾನೇ ಇಲ್ಲವಲ್ಲ ಅಂದರು. ದನಿಯಲ್ಲಿ ಅನುಮಾನ. ನಾನು ಏನಾದರೂ ತಿದ್ದಿದ್ದೇನೆ ಎಂದು.

ತಿದ್ದಿಲ್ಲ ಅಣ್ಣಾರೇ, ಫೋಟೋ ಅಂದರೆ ಹಾಗೇ ಎಂದೆ. ರೆಪ್ಪೆ ಬಡಿಯುವುದರೊಳಗೆ ಹಿಡಿದದ್ದು, ಅಷ್ಟರಲ್ಲಿ ಯಾವ ಕೈಯೂ ಅಲುಗಿದ್ದು ಕಾಣುವುದಿಲ್ಲ. ಹಾಲು ನೋಡಿ, ಅದು ಡೊಂಕಾಗಿದೆಯಲ್ಲ, ನಡುಕ ಇರುವುದು ಅಲ್ಲಿ. ಕೈಯ ನಡುಕ ಕಾಣಬೇಕೆಂದರೆ ವಿಡಿಯೋ ನೋಡಬೇಕು.

ಹಾಗಾದರೆ ಅದನ್ನು ಹಾಕಿ ಅಂದರು. ತಾಯಿ ಬೇಡ ಅನ್ನುವ ಹಾಗೆ ನನ್ನ ಕಡೆ ನೋಡಿದರು. ನಾನು ಯಜಮಾನರ ಕಡೆ ನೋಡಿದೆ. ಅವರು ಹಾಕಿಯೇಬಿಟ್ಟರು.

ಪೂರ್ತಿ ನೋಡಿದರು. ಬೀಗರ ಮಾತಿನ ಹತ್ತಿರ ಬಂದಾಗ ನಕ್ಕರು. ಹಾಲು ಎರೆಯುವುದನ್ನು ಮತ್ತೆ ಹಿಂದಕ್ಕೆ ಹಾಕಿಸಿ, ಮುಂದೆ ಬಾಗಿ, ತಮ್ಮ ಕೈಯನ್ನು ಬೇರೆಯವರ ಕೈ ನೋಡುವ ಹಾಗೆ ನೋಡಿದರು.

"ಇಷ್ಟೇನಾ?" ಅಂದರು. ನನ್ನನ್ನು ಕೇಳಿದ್ದೋ ಹೆಂಡತಿಯನ್ನು ಕೇಳಿದ್ದೋ ತಿಳಿಯಲಿಲ್ಲ. "ನಾನು ಇದಕ್ಕಿಂತ ಭಾಳ ಅಂದ್ಕೊಂಡಿದ್ದೆ."

ತಾಯಿ ಆಗ ಬಾಯಿಬಿಟ್ಟರು. ಎರಡು ವರ್ಷದಿಂದ ಇದನ್ನೇ ಬಡ್ಕೊಳ್ತಿದೀನಿ, ನನ್ನ ಮಾತು ಕೇಳೋಕೆ ಇವರಿಗೆ ಫೋಟೋದಕ್ಕನೇ ಬೇಕಾತು ಅಂತ ನನ್ನ ಹತ್ತಿರ ದೂರಿದರು. ಡಾಕ್ಟರಿಗೆ ತೋರಿಸಿ ಅಂದರೆ, ತೋರಿಸಿದರೆ ನಾಲ್ಕು ಜನಕ್ಕೆ ಗೊತ್ತಾಗುತ್ತೆ ಅಂತ ತಪ್ಪಿಸಿಕೊಂಡೇ ಬಂದರಂತೆ. ತಂದೆ ಶಲ್ಯ ಕೊಡವಿ ಹೆಗಲಿಗೆ ಹಾಕಿಕೊಂಡು, ಉಳಿದ ಫೋಟೋ ನೀವೇ ಆರಿಸಿ ಅಂತ ಹೇಳಿ ಎದ್ದರು.

ಮರುವಾರ ಅವರು ತಮ್ಮನ ಬೈಕಿನ ಹಿಂದೆ ಕೂತು ಶಿವಮೊಗ್ಗಕ್ಕೆ ಹೋಗಿ ಡಾಕ್ಟರಿಗೆ ಕೈ ತೋರಿಸಿಕೊಂಡು ಬಂದರು.